ಭಟ್ಟಿಯ ಕೂಸಿಗೆ ಅಜ್ಜಿಯಾದ ಖಾಲಾ

ಖಾಲಾಳ ಬೆರಳ ತುದಿಗಳ ತುಂಬ ಗಾಜು ಗೀರಿದ ಸಣ್ಣ ಸಣ್ಣ ಗುರುತುಗಳಿದ್ದವು. ಆ ಬೆರಳುಗಳಿಂದಲೇ ಹೆಂಗಸರ ಮುಂಗೈ ಹಿಸುಕಿ, ಒಂದೂ ಒಡೆಯದಂತೆ ಬಳೆ ಏರಿಸುತ್ತಿದ್ದಳು. "ಕೈ ಸಡ್ಲ ಬಿಡಬೇ, ಜಗಳಕ್ಕ ನಿಂತಿಯೇನು?" ಎಂದು ಗದರುತ್ತಿದ್ದಳು. ವಳಸಂಗ, ಸೋನ್ಯಾಳ, ಬಿಳೂರ ಎಂದು ಊರೂರು ನಡೆದೇ ತಿರುಗುತ್ತಿದ್ದ ಆ ಬಳೆಗಾರ್ತಿ ನಮಗೆಲ್ಲ, ಯಾವ ಜಾತಿಯವರೇ ಆಗಲಿ, ಖಾಲಾ, ಅಂದರೆ ಚಿಕ್ಕಮ್ಮ.

ನಾನು ಊರಿನ ಆಶಾ ಕಾರ್ಯಕರ್ತೆ. ಆಕೆಯ ನಿಜವಾದ ಸಿಟ್ಟನ್ನು ಕಂಡದ್ದು ನನ್ನದೇ ತಪ್ಪಿನಿಂದ.

ಊರಾಚೆಯ ಇಟ್ಟಂಗಿ ಭಟ್ಟಿಗೆ ಆ ವರ್ಷ ಬರ್ಮಾದಿಂದ ಓಡಿಬಂದ ಸಂಸಾರವೊಂದು ಕೆಲಸಕ್ಕೆ ಬಂದಿತ್ತು. ಹೈದರಾಬಾದಿನಲ್ಲಿ ಕೆಲವು ವರ್ಷ ಇದ್ದವರು. ನಾಲ್ಕು ವರ್ಷದ ಮಗಳಿಗೆ ಮೂತ್ರಪಿಂಡದ ಕಾಯಿಲೆ. ಮೈಯೆಲ್ಲ ಬಾತು, ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಮೂರು ವಾರ ಇದ್ದಳು. ಇಂಗ್ಲಿಷಿನ ಒಂದು ಕಾಗದ, ಒಂದಿಷ್ಟು ಗುಳಿಗೆ ಕೊಟ್ಟು, ಮುಂದಿನದನ್ನು ನಿಮ್ಮೂರಲ್ಲೇ ನೋಡುತ್ತಾರೆ ಎಂದು ಕಳಿಸಿದ್ದರು. ನಮಗೆ ಯಾರೂ ಒಂದು ಫೋನು ಮಾಡಿರಲಿಲ್ಲ. ತಾಯಿ ಆ ಕಾಗದ ಹಿಡಿದು ಬಂದಾಗ ಆರೋಗ್ಯ ಕೇಂದ್ರದ ಗುಮಾಸ್ತ ಆಧಾರ್ ಕೇಳಿದ. ಅವಳು ನಿರಾಶ್ರಿತರ ಗುರುತಿನ ಚೀಟಿ ತೋರಿಸಿದಳು. "ಇದು ನಡಿಯೂದಿಲ್ಲ," ಎಂದ. ಪಕ್ಕದಲ್ಲೇ ಇದ್ದ ನಾನು "ಮುಂದಿನ ವಾರ ಬಾ" ಎಂದು ಅವಳನ್ನು ಸಾಗಹಾಕಿದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಹತ್ತು ದಿನದ ಮೇಲೆ ಖಾಲಾ ನನ್ನ ಅಂಗಳದಲ್ಲಿ ಬುಟ್ಟಿ ಇಳಿಸಿದಳು.

"ಭಟ್ಟ್ಯಾಗಿನ ಆ ಕೂಸಿಗೆ ಸುಮ್ನ ಎರಡ ಬಳಿ ಇಡೂನಂತ ಕೈ ಹಿಡದೆ. ಒತ್ತಿದಲ್ಲೆ ತಗ್ಗ ಬಿತ್ತವ್ವಾ, ತುಂಬಿ ಬರವಲ್ತು. ಗುಳಗಿ ಮುಗದು ಆರು ದಿನಾ ಆತಂತ. ಮುಂದಿನ ವಾರ ಬಾ ಅಂದಾವ್ರು ಯಾರು?"

"ನಾನ, ಖಾಲಾ."

ಬೈಯುತ್ತಾಳೆಂದುಕೊಂಡೆ. ಬುಟ್ಟಿಯನ್ನು ಗೋಡೆಯ ಬದಿಗೆ ಸರಿಸಿ, "ಚಪ್ಪಲಿ ಮೆಟ್ಟು, ನಡಿ," ಎಂದಳು.

ಭಟ್ಟಿಗೆ ಹೋಗಿ ತಾಯಿ, ಕೂಸನ್ನು ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಬಂದೆವು. ಗುಮಾಸ್ತ ಮತ್ತೆ ಆಧಾರ್ ಮಾತೆತ್ತಿದ. ಖಾಲಾ ಬಾಗಿಲಿಗೆ ಅಡ್ಡವಾಗಿ ಕುಳಿತುಬಿಟ್ಟಳು.

"ಬ್ಯಾನಿ ಆಧಾರ ಕೇಳಿ ಬಂತೇನ್ರಿ? ಕೂಸಿನ ಮಾರಿ ನೋಡ್ರಿ, ಕಣ್ಣ ತಗೀಲಿಕ್ಕ ಬರವಲ್ತು ಅದಕ್ಕ. ಡಾಕ್ಟರ ಬಾಯಾರ್ನ ಕರೀರಿ. ಅಲ್ಲೀತನಾ ನಾ ಏಳೂದಿಲ್ಲ."

ಗದ್ದಲ ಕೇಳಿ ಡಾಕ್ಟರು ಹೊರಬಂದು ಕಾಗದ ಓದಿದರು. ಈ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದು ಎಂದು ಅದರಲ್ಲೇ ಬರೆದಿತ್ತು. ನಿಂತಲ್ಲಿಂದಲೇ ಪಟ್ಟಣದ ಆಸ್ಪತ್ರೆಗೆ ಫೋನು ಮಾಡಿ, ಅಂದೇ ಗುಳಿಗೆ ಶುರುಮಾಡಿಸಿದರು. ಹೆಸರು ಬರೆದುಕೊಳ್ಳಲು ಗುಮಾಸ್ತನಿಗೆ ಹೇಳಿದರು.

"ಪತ್ತಾ ಏನಂತ ಬರೀಲಿ?"

"ನನ್ನ ಮನೀದ ಬರೀರಿ," ಎಂದಳು ಖಾಲಾ.

"ನೀ ಏನಾಗಬೇಕ ಇವ್ರಿಗೆ?"

"ಅಜ್ಜಿ."

ಅಲ್ಲಿಂದ ಐದು ತಿಂಗಳು ವಾರಕ್ಕೊಮ್ಮೆ ಭಟ್ಟಿಗೆ ಹೋಗಿ ತೂಕ ನೋಡಿದೆ. ಮೂತ್ರದಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡುವುದನ್ನು ತಾಯಿಗೆ ಕಲಿಸಲು ನನ್ನ ಹಿಂದಿ ಸಾಲಲಿಲ್ಲ. ಖಾಲಾ ತನ್ನ ದಖನಿ ಉರ್ದುವಿನಲ್ಲಿ ಬಿಡಿಸಿ ಹೇಳಿದಳು. ನಾನು ಹೋಗದ ದಿನ ಸೋನ್ಯಾಳದ ದಾರಿ ಬಿಟ್ಟು ಸುತ್ತುಹಾಕಿ ತಾನೇ ಹೋಗುತ್ತಿದ್ದಳು. ಬಾವು ಇಳಿಯಿತು. ಕೂಸು ಇಟ್ಟಂಗಿ ಸಾಲುಗಳ ನಡುವೆ ಓಡತೊಡಗಿತು.

ಆಮೇಲೊಂದು ಬೆಳಿಗ್ಗೆ ಗುಡಿಸಲು ಖಾಲಿ. ಭಟ್ಟಿಯ ಮಾಲೀಕ ಹೊರದೇಶದವರನ್ನು ಇಟ್ಟುಕೊಂಡಿದ್ದಾನೆಂದು ಯಾರೋ ದೂರು ಕೊಟ್ಟರಂತೆ. ಅವನು ಅವರನ್ನು ಬಸ್ಸು ಹತ್ತಿಸಿ ಕಳಿಸಿಬಿಟ್ಟಿದ್ದ. ಎಲ್ಲಿಗೆ ಎಂದರೆ, "ನನಗೇನ ಗೊತ್ತು?" ಎಂದ.

"ಗುಳಗಿ ಎಷ್ಟ ದಿನದ್ದ ಒಯ್ದಾರ, ಅದನ್ನರೆ ಕೇಳಿದಿ?" ಎಂದು ಖಾಲಾ ಅವನೆದುರು ನಿಂತಳು. ಅವನು ಮೋಟರ್ ಸೈಕಲ್ಲು ಹತ್ತಿದ.

ಕೂಸಿನ ಕಾಗದದ ಹಿಂದೆ ನನ್ನ ಫೋನ್ ನಂಬರನ್ನು ಖಾಲಾ ಬರೆಸಿಟ್ಟಿದ್ದಳು. ದಿನಾ ಬಂದು, "ಫೋನ್ ಬಂತೇನ?" ಎನ್ನುತ್ತಿದ್ದಳು. ಮೂರು ವಾರ ಹಾಗೇ ಕೇಳಿದಳು. ಒಂದು ಮಧ್ಯಾಹ್ನ ಎದೆನೋವೆಂದು ಮಲಗಿದವಳು ಏಳಲಿಲ್ಲ.

ಫೋನು ಬಂದದ್ದು ಆಕೆಯನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ. ತೆಲಂಗಾಣದ ಯಾವುದೋ ಊರಿನ ನರ್ಸು ಗುಳಿಗೆಯ ಮುಂದಿನ ಪ್ರಮಾಣ ಕೇಳಿದಳು. ಡಾಕ್ಟರು ಬರೆದದ್ದನ್ನು ನೋಡಿ ಹೇಳಿದೆ. ಆಮೇಲೆ ತಾಯಿ ಫೋನು ಇಸಿದುಕೊಂಡು, ಖಾಲಾ ಹೇಗಿದ್ದಾರೆ ಎಂದಳು. ಹೇಳಿದೆ. ಒಂದು ದಿನವೂ ಗುಳಿಗೆ ತಪ್ಪಿಸಿಲ್ಲ, ಅದನ್ನು ಅವರಿಗೆ ಹೇಳಬೇಕಿತ್ತು, ಎಂದಳು.

ಎಲ್ಲಿಗೆ ಕಳಿಸಿದೆನೆಂದು ಆ ಮಾಲೀಕ ಒಂದು ಮಾತು ಹೇಳಿದ್ದರೆ ಖಾಲಾ ಇದನ್ನು ತಾನೇ ಕೇಳಿಸಿಕೊಳ್ಳುತ್ತಿದ್ದಳು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ. ಆರಲೆಂಬ ಆಸೆಯೂ ನನಗಿಲ್ಲ.