ಮಡಕೆಗೆ ಕಿವಿಯಿಟ್ಟ ನೆನಪು

ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅವಳದೆಂದು ನನ್ನಲ್ಲಿ ಉಳಿದಿರುವ ನೆನಪು ಒಂದೇ. ಕುಂದುರ್ಪಿ ಹತ್ತಿರದ ನಮ್ಮೂರು, ಮನೆಯ ಹಿತ್ತಲು, ಬೆಳಗಿನ ಹೊತ್ತು, ನೆಲದ ಮೇಲೆ ಬೋರಲು ಹಾಕಿದ ಮಡಕೆ. ಒಳಗೆ ಸಗಣಿ, ಕಡಲೇಕಾಯಿ ಸಿಪ್ಪೆ. ರಾತ್ರಿಯೆಲ್ಲ ಅದರಲ್ಲಿ ಗೆದ್ದಲು ತುಂಬಿಕೊಳ್ಳುತ್ತಿತ್ತು. ಕೋಳಿಮರಿಗಳಿಗೆ ಬೆಳಗಿನ ತಿಂಡಿ ಅದೇ. ಒಂದು ಕೈ ಮಡಕೆಯನ್ನು ಮೆಲ್ಲಗೆ ತಟ್ಟುತ್ತದೆ, ಆಮೇಲೆ ನನ್ನ ತಲೆ ಬಗ್ಗಿಸಿ ಕಿವಿಯನ್ನು ಮಡಕೆಗೆ ಒತ್ತುತ್ತದೆ. ಒಳಗಿಂದ ಒಣ ಎಲೆಗಳ ಮೇಲೆ ತುಂತುರು ಬಿದ್ದಂಥ ಸದ್ದು. ಮುಖ ಕಾಣುವುದಿಲ್ಲ.

ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ, ಕಾವಲಿನ ಗೆದ್ದಲುಗಳು ಅಪಾಯ ಕಂಡರೆ ತಲೆ ಕುಟ್ಟಿ ಸದ್ದು ಮಾಡುತ್ತವೆ ಎಂದು ಗೊತ್ತಾಯಿತು. ಖುಷಿಯಾಗಬೇಕಿತ್ತು, ಅನುಮಾನ ಹುಟ್ಟಿತು. ಆ ಸದ್ದನ್ನು ನಾನು ನಿಜವಾಗಿ ಕೇಳಿದ್ದೆನೋ, ಪುಸ್ತಕದಿಂದ ತೆಗೆದು ಹಿತ್ತಲಿಗೆ ತಂದಿಟ್ಟೆನೋ?

ಹೋದ ವರ್ಷ ಹಿಂದೂಪುರದ ಮನೆಯಲ್ಲಿ ನಾಲ್ಕು ನಾಟಿ ಕೋಳಿ ಸಾಕಿದೆ. ಅವಕ್ಕೆಂದು ಬೆಂಗಳೂರಿನಿಂದ ಹಿಟ್ಟಿನ ಹುಳು ತರಿಸಿ, ಗೋಧಿ ಬೂಸಾ ತುಂಬಿದ ಡಬ್ಬಿಯಲ್ಲಿ ಕ್ಯಾರೆಟ್ ಚೂರು ಹಾಕಿ ಬೆಳೆಸಿದೆ. ಹುಳು ಕೋಶವಾಗಿ, ಕೋಶ ಕರೀ ದುಂಬಿಯಾಗುವುದನ್ನು ಭೂತಗನ್ನಡಿ ಹಿಡಿದು ನೋಡುತ್ತ ಕೂತರೆ ಕಾಫಿ ಆರಿಹೋಗುತ್ತಿತ್ತು. "ಕೋಳಿಗಿಂತ ಹುಳಾನೇ ಚೆನ್ನಾಗ್ ನೋಡ್ಕೊಂತೀರ" ಎಂದಳು ಹೆಂಡತಿ. ಒಂದು ಬೆಳಗ್ಗೆ ನೋಡಿದರೆ ಇರುವೆಗಳು ಡಬ್ಬಿ ಖಾಲಿ ಮಾಡಿದ್ದವು. ಕೆಳಗೆ ನೀರಿನ ತಟ್ಟೆ ಇಡಬೇಕೆಂದು ಗೊತ್ತಿತ್ತು, ಮರೆತಿದ್ದೆ.

ಆಗ ಮಡಕೆ ನೆನಪಾಯಿತು. ಕಾಂಪೌಂಡಿನ ಮೂಲೆಯಲ್ಲಿ ಒಂದನ್ನು ಬೋರಲು ಹಾಕಿ ಮೂರು ದಿನ ಕಾದೆ. ಒಂದು ಹುಳವೂ ಬರಲಿಲ್ಲ. ಕಲ್ಯಾಣದುರ್ಗದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನನ್ನು ಸಾಕಿದವಳು.

"ಪಿಚ್ಚೋಡಾ, ಹುಚ್ಚು ಹಿಡೀತೇನ್ಲಾ ನಿಂಗೆ? ಮನೆ ಕಟ್ಟೋವಾಗ ಗೆದ್ದಲು ಬರ್ಬಾರ್ದು ಅಂತ ಸೈಟೆಲ್ಲಾ ಔಷ್ದಿ ಹೊಡ್ಸಿದ್ದೆ ಅಲ್ವೇನ್ಲಾ? ಈಗ ಅದನ್ನೇ ಊಟಕ್ಕೆ ಕರೀತಿದೀಯ?"

ಅದನ್ನೂ ಮರೆತಿದ್ದೆ. ಅವಮಾನ ಮುಚ್ಚಿಕೊಳ್ಳಲು, "ಅಮ್ಮ ಇಡ್ತಿದ್ದಂಗೇ ಇಟ್ಟೆ ಅಕ್ಕ" ಎಂದೆ.

"ಅಮ್ಮ ಎಲ್ಲಿಟ್ಲು? ಇಡ್ತಿದ್ದೋಳು ನಾನು ಕಣ್ಲಾ. ಅಮ್ಮ ಆಗ್ಲೇ ಮಂಚ ಹಿಡ್ದಿದ್ಲು."

ಫೋನ್ ಇಟ್ಟೆ. ಆ ಕೈ ಅಕ್ಕನದಾದರೆ ಅಮ್ಮನದೆಂದು ನನ್ನ ಬಳಿ ಏನೂ ಉಳಿಯುವುದಿಲ್ಲ.

ಭಾನುವಾರ ಬಸ್ಸು ಹತ್ತಿದೆ. ಅಕ್ಕನ ಹಿತ್ತಲಲ್ಲಿ ಹೇಟೆ ಕೋಳಿಯೊಂದು ಏಳು ಮರಿ ಮಾಡಿತ್ತು. ಸಂಜೆ ಅವಳು ಗೆದ್ದಲು ಮಣ್ಣು ಎದ್ದಿದ್ದ ಕಡೆ ಸ್ವಲ್ಪ ಕೆದಕಿ, ನೀರು ಚಿಮುಕಿಸಿ, ಸಗಣಿ ಸಿಪ್ಪೆ ತುಂಬಿದ ಮಡಕೆಯನ್ನು ಬೋರಲು ಹಾಕಿ, ಮೇಲೊಂದು ಹಳೇ ಗೋಣಿಚೀಲ ಹೊದಿಸಿದಳು. ಲೆಕ್ಕವಿಲ್ಲದಷ್ಟು ಸಲ ಮಾಡಿದ ಕೈ ಎಂದು ನೋಡಿದರೇ ಗೊತ್ತಾಗುತ್ತಿತ್ತು. ನನ್ನ ನೆನಪಿನ ಕೈ ಇದೇ, ಇನ್ನು ವಾದಿಸುವುದೇನೂ ಇಲ್ಲವೆಂದುಕೊಂಡೆ.

ಬೆಳಗ್ಗೆ ಅವಳು ಗೋಣಿಚೀಲ ಎಳೆದು ಮಡಕೆ ಎತ್ತಲು ಬಗ್ಗಿದಳು. "ತಾಳು ಅಕ್ಕ" ಎಂದು ನಾನು ಮೊಣಕಾಲೂರಿ, ಬೆರಳಿಂದ ಮಡಕೆ ತಟ್ಟಿ ಕಿವಿಯಿಟ್ಟೆ.

ಒಣ ಎಲೆ. ತುಂತುರು. ಸದ್ದು ಒಂದು ಸಲ ಎದ್ದು, ನಿಂತು, ಮತ್ತೆ ಎದ್ದಿತು.

"ಏನ್ಲಾ ಅದು, ಡಾಕ್ಟ್ರಂಗೆ?" ಎಂದಳು ಅಕ್ಕ.

"ನೀನು ಕಿವಿ ಇಡ್ತಿರ್ಲಿಲ್ವಾ?"

"ನಂಗೇನ್ ಕೆಲ್ಸ ಇರ್ಲಿಲ್ವೇನ್ಲಾ? ಎತ್ತೋದು, ಕೊಡ್ವೋದು, ನೀರಿಗೆ ಓಡೋದು." ಅಷ್ಟು ಹೇಳಿ ತಾನೂ ಬಗ್ಗಿ ಕಿವಿಯಿಟ್ಟಳು. ನಾನು ತಟ್ಟಿದೆ. ಅವಳ ಕಣ್ಣು ಅಗಲವಾಯಿತು. "ಅಯ್ಯೋ, ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ ಕಣ್ಲಾ! ನಿಂಗ್ಯಾರು ಹೇಳ್ಕೊಟ್ರು?"

ಗೊತ್ತಿಲ್ಲ ಎಂದೆ. ಪಕ್ಕದ ಮನೆಯವರಿರಬಹುದು, ನಾನೇ ಕಂಡುಕೊಂಡಿರಬಹುದು. ಅಕ್ಕ ಕಿವಿ ತೆಗೆಯದೆಯೇ ಹೇಳಿದಳು: "ಒಂದಿನ ಮಡಕೆ ಎತ್ತೋಕ್ಮುಂಚೆ ನೀರು ತಂದು ನೋಡಿದ್ರೆ ಅಮ್ಮ ಹಿತ್ಲಲ್ಲಿ ಗೋಡೆಗೊರಗಿ ಕೂತಿದ್ಲು, ನೀನು ಪಕ್ಕದಲ್ಲಿ. ಮಂಚ ಬಿಟ್ಟು ಯಾಕೆದ್ದೆ ಅಂತ ಬೈದ್ಬುಟ್ಟೆ. ನಗ್ತಾ ಕೂತಿದ್ಲು."

ಅವಳಿಗೆ ಅದು ನಿಜವಾಗಿ ನೆನಪಾಯಿತೋ, ನನ್ನ ಮುಖ ನೋಡಿ ಕಟ್ಟಿದಳೋ? ಎರಡು ಪ್ರಶ್ನೆ ಕೇಳಿದ್ದರೆ ತಿಳಿಯುತ್ತಿತ್ತು. ಅಂಥ ಪ್ರಶ್ನೆ ಕೇಳುವುದೇ ನನ್ನ ಚಾಳಿ. ಕೇಳಲಿಲ್ಲ.

ಮರಿಗಳು ಕಾಲಿಗೆ ಸುತ್ತಿಕೊಂಡು ಚೀರುತ್ತಿದ್ದವು. "ಎತ್ಲಾ, ಬಿಸ್ಲು ಬಿದ್ರೆ ಗೆದ್ಲು ಮಣ್ಣೊಳಕ್ಕಿಳ್ದ್ಬುಡ್ತವೆ" ಎಂದಳು ಅಕ್ಕ.

"ಇನ್ನೊಂದ್ಸಲ" ಎಂದು ಮಡಕೆ ತಟ್ಟಿದೆ.