ಅರ್ಧ ಬಿಟ್ಟ ರೊಟ್ಟಿ

ತಟ್ಟೆಯಲ್ಲಿ ಅರ್ಧ ಖಡಕ್ ರೊಟ್ಟಿ ಉಳಿದಿದೆ. ಬೇರೆ ಯಾರಾದರೂ ಹೀಗೆ ಬಿಟ್ಟು ಎದ್ದಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೋ, ನನ್ನನ್ನು ಬಲ್ಲವರಿಗೆ ಗೊತ್ತು. ಇವತ್ತು ಸುಮ್ಮನಿದ್ದೇನೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಬಳ್ಳಾರಿಯಲ್ಲಿ ಇನ್ನೂ ಜಟಕಾ ಓಡುತ್ತಿದ್ದ ಎಪ್ಪತ್ತರ ದಶಕ. ನಾನು ಒಂದು ಅನಾಥಾಶ್ರಮದಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನನ್ನೂರು ಸಿರುಗುಪ್ಪ; ಕಾಲುವೆ ನೀರು ಬಂದಮೇಲೆ ನಮ್ಮವರೆಲ್ಲ ಅನ್ನಕ್ಕೆ ತಿರುಗಿದರು, ನನ್ನ ಕೈ ಮಾತ್ರ ಜೋಳ ಬಿಡಲಿಲ್ಲ. ಆ ಆಶ್ರಮಕ್ಕೆ ನಮ್ಮ ಸಿರುಗುಪ್ಪ ಕಡೆಯ ಕರೂರಿನ ಪುಟ್ಟ ಅಕ್ಕ-ತಮ್ಮ ಬಂದರು, ನಾಗಿ ಮತ್ತು ಈರ. ಅಪ್ಪ ಅವ್ವ ಇಬ್ಬರೂ ತೀರಿಹೋಗಿದ್ದರು. ಕುರುಗೋಡಿನ ಸೋದರಮಾವ ಸ್ವಲ್ಪ ದಿನ ಅನ್ನ ಹಾಕಿದ. ಆಮೇಲೆ, "ಮಿರ್ಚಿ ಬಜ್ಜಿ ತರ್ತೀನಿ, ಇಲ್ಲೇ ಕುಂದರ್ರಿ" ಎಂದು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಹೋದವನು ತಿರುಗಿ ಬರಲಿಲ್ಲ. ಅಲ್ಲಿಂದ ನಾಗಿ ಯಾರ ಮಾತನ್ನೂ ನಂಬಲಿಲ್ಲ.

ಉಣ್ಣುವಾಗ ಅರ್ಧ ರೊಟ್ಟಿ ಚಾಪೆಯ ಕೆಳಗೆ ಬಚ್ಚಿಡುತ್ತಿದ್ದಳು. ಅದು ಬೂಷ್ಟು ಹಿಡಿದು ಇರುವೆ ಮುತ್ತಿತು. ಆಶ್ರಮದ ಮೇಡಂ ಬೈದರು. ನಾನೂ ಬೈದೆ, ಆದರೆ ಬೇರೆ ಕಾರಣಕ್ಕೆ.

"ಇಡೋದು ಇಡ್ತಿ, ಕೆಡೋ ರೊಟ್ಟಿ ಯಾಕ ಇಡ್ತೀಯೇ ಹುಚ್ಚಿ? ಬಾ ಇಲ್ಲಿ."

ತೆಳ್ಳಗೆ ಬಡಿದು, ಒಲೆಯ ಬದಿಗೆ ನಿಲ್ಲಿಸಿ ಖಡಕ್ ಮಾಡುವುದನ್ನು ತೋರಿಸಿದೆ. ಕಟ್ಟಿಟ್ಟುಕೊಳ್ಳಲು ಹಳೇ ಸೀರೆಯ ತುಂಡು ಕೊಟ್ಟೆ. ಗಂಟು ಅವಳದು, ಯಾರೂ ಮುಟ್ಟುವಂತಿಲ್ಲ.

"ನೀ ಮುಟ್ಟಿದ್ರ?"

"ಮುಟ್ಟಿದ್ರ ಕೈ ಕಡಿ."

ದಿನಾ ಬೆಳಿಗ್ಗೆ ಪೊಲೀಸರ ಹಾಗೆ ಗಂಟು ತಪಾಸಣೆ ಮಾಡುತ್ತಿದ್ದಳು.

ಆಮೇಲೆ ಇಬ್ಬರನ್ನೂ ದತ್ತು ಕರೆದೊಯ್ಯಲು ಪರದೇಶದ ಗಂಡ-ಹೆಂಡತಿ ಬಂದರು. ಸ್ವೀಡನ್ನೋ ಹಾಲೆಂಡೋ, ನನಗೆ ಎರಡೂ ಒಂದೇ. ಆ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಗಂಟು ಬಿಚ್ಚಿ, ಒಣಗಿ ಕೆಟ್ಟದ್ದೆಂದು ರೊಟ್ಟಿಯನ್ನೆಲ್ಲ ಚೆಲ್ಲಿ, ಚಾಕಲೇಟು ತುಂಬಿಟ್ಟಳು. ನಾಗಿ ತಮ್ಮನನ್ನು ಎಳೆದುಕೊಂಡು ಅಡುಗೆಮನೆಯ ಕಟ್ಟಿಗೆ ಸಂದಿ ಸೇರಿದಳು.

"ನಾವು ಹೋಗಂಗಿಲ್ಲ. ಆಕಿನೂ ಮಾವನಂಗ ಬಿಟ್ಟು ಹೋಗ್ತಾಳ."

ನಾನು ಹಿಟ್ಟಿನ ಪರಾತವನ್ನು ಆ ಹೆಂಗಸಿನ ಮುಂದೆ ಸರಿಸಿ ಮೇಡಂಗೆ ಹೇಳಿದೆ, "ಚೆಲ್ಲಿದಾಕಿನೇ ಬಡೀಬೇಕು. ಹೇಳ್ರಿ ಆಕಿಗೆ."

ಹೇಳಿದರು. ಅವಳಿಗೆ ನೆಲದ ಮೇಲೆ ಕಾಲು ಮಡಚಲೂ ಬಾರದು. ಬಡಿದದ್ದೆಲ್ಲ ಎಮ್ಮೆ ಕಿವಿಯ ಹಾಗೆ ಜೋತುಬಿತ್ತು. ಕೈ ಸುಟ್ಟುಕೊಂಡಳು, ಏಳಲಿಲ್ಲ. ಮರುದಿನ ಬಂದಳು, ಅದರ ಮರುದಿನವೂ ಬಂದಳು. ಕೊನೆಗೆ ನಾಗಿಯೇ ಸಂದಿಯಿಂದ ಎದ್ದು ಬಂದು, "ಹಂಗಲ್ಲ, ಮ್ಯಾಲೆ ನೀರು ಹಚ್ಚಬೇಕು" ಎಂದು ಅವಳ ಕೈ ಹಿಡಿದು ತೋರಿಸಿದಳು.

ಹೊಸ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡೇ ನಾಗಿ ತಮ್ಮನ ಜೊತೆ ಅವರ ಕಾರಿನಲ್ಲಿ ಹೋದಳು. ನಾನು ಅಳಲಿಲ್ಲ, ಮಧ್ಯಾಹ್ನದ ಅಡುಗೆ ಬಾಕಿ ಇತ್ತು.

ಇವತ್ತು ನಮ್ಮ ಮನೆಗೆ ಬಂದಿದ್ದಳು, ತಮ್ಮನೊಂದಿಗೆ. ಇಬ್ಬರಿಗೂ ತಲೆ ನರೆತಿದೆ, ಕನ್ನಡ ಮರೆತಿದೆ. ನನ್ನ ಮೊಮ್ಮಗಳು ಇಂಗ್ಲಿಷಿನಲ್ಲಿ ಮಾತು ದಾಟಿಸಿದಳು. "ಆ ತಾಯಿ ಹೆಂಗದಾಳ?" ಎಂದು ಅವಳಿಂದ ಕೇಳಿಸಿದೆ.

"ಈಗಲೂ ರೊಟ್ಟಿ ಬಡೀತಾಳಂತಜ್ಜಿ. ಈಗಲೂ ನೆಟ್ಟಗ ಬರಂಗಿಲ್ಲಂತ."

ನಾಗಿ ನಗುನಗುತ್ತಾ ಅರ್ಧ ರೊಟ್ಟಿ ತಿಂದಳು. ಉಳಿದರ್ಧ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದಳು, ಆಟೋ ಹತ್ತಿದಳು. ಕಟ್ಟಿಕೊಡಿ ಎನ್ನಲಿಲ್ಲ, ಅದರ ಕಡೆ ತಿರುಗಿಯೂ ನೋಡಲಿಲ್ಲ.

"ತಟ್ಟೆ ಎತ್ಲೇನಜ್ಜಿ?" ಎನ್ನುತ್ತಿದ್ದಾಳೆ ಮೊಮ್ಮಗಳು.

"ಇರ್ಲಿ ಬಿಡೇ. ಇನ್ನೊಂಚೂರು ನೋಡ್ತೀನಿ."