ಹನ್ನೆರಡನೆಯ ಕೊಕ್ಕೆ

ಗಾಳ ಬೀಸುವುದು ಹೇಗೆಂದು ತೋರಿಸಲು ಹೋದ ಮೇಷ್ಟ್ರು ಆ ಭಾನುವಾರ ಮೊದಲಿಗೆ ಹಿಡಿದದ್ದು ತಮ್ಮದೇ ಪ್ಯಾಂಟನ್ನು. ಹಿಂದಕ್ಕೆ ಬೀಸಿದ ಕೊಕ್ಕೆ ಮುಂದಕ್ಕೆ ಬರಲಿಲ್ಲ. ಜಗ್ಗಿದರು. ಪರ್ರೆಂದು ಸದ್ದಾಯಿತು, ದಾರ ತುಂಡಾಯಿತು. ಹನ್ನೊಂದು ಜನ ಶಿಷ್ಯರು ಒಟ್ಟಿಗೆ ಆಕಾಶ ನೋಡಿದರು.

"ಸರ್, ಒಳ್ಳೇ ತೂಕದ ಮೀನು," ಎಂದಳು ಕನ್ನಡಕದ ಹುಡುಗಿ.

ಮೇಷ್ಟ್ರು ಸ್ವೆಟರ್ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು, ಏನೂ ಹರಿದೇ ಇಲ್ಲ ಎಂಬಂತೆ ಪಾಠ ಮುಂದುವರಿಸಿದರು. ಕೊಕ್ಕೆ ಕಳಚಿ ಬಿದ್ದಿರುತ್ತದೆ, ಹಿಂದಿದ್ದವರು ಯಾರೋ ಎತ್ತಿ ಡಬ್ಬಿಗೆ ಹಾಕಿರುತ್ತಾರೆ ಎಂದುಕೊಂಡರು. ಕೇಳಲು ನಾಚಿಕೆ.

ಮೇಷ್ಟ್ರು ಎಂಬುದು ಭಾನುವಾರದ ಹೆಸರು. ವಾರದ ಉಳಿದ ದಿನ ಅವರು ಬಸ್ ನಿಲ್ದಾಣದ ಎದುರಿನ ಗೂಡಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುವವರು. ಕಾಲ ಕೆಟ್ಟರೆ ನೆಟ್ಟಗೆ ಮಾಡುವುದೇ ಕಸುಬು. ಆ ಕಸುಬಿನ ಪುಟ್ಟ ಇಕ್ಕಳದಿಂದಲೇ ಪ್ರತಿ ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಮುಳ್ಳನ್ನು ಒತ್ತಿ ಚಪ್ಪಟೆ ಮಾಡುತ್ತಿದ್ದರು. ಹಾಗೆ ಮಾಡಿದರೆ ಮೀನಿನ ಬಾಯಿಂದ ಕೊಕ್ಕೆ ಸಲೀಸಾಗಿ ಬಿಟ್ಟುಬರುತ್ತದೆ. ಹಿಡಿದ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಬೇಕು, ಅಳೆಯಬೇಕು, ನೀರಿಗೆ ಬಿಡಬೇಕು. ಕೊಟ್ಟ ಹನ್ನೆರಡು ಕೊಕ್ಕೆಯೂ ಡಬ್ಬಿಗೆ ವಾಪಸು ಬರದೆ ಯಾರೂ ಮನೆಗೆ ಹೋಗುವಂತಿಲ್ಲ.

ಈ ಎಣಿಕೆಯ ಮೇಲೆಯೇ ಈಗ ಎಲ್ಲವೂ ನಿಂತಿತ್ತು. ಹೋದ ತಿಂಗಳು, ಯಾರೋ ಬಿಟ್ಟುಹೋದ ಗಾಳ ನುಂಗಿ ಬಾತುಕೋಳಿಯೊಂದು ಸತ್ತಿತ್ತು. ಕೆರೆ ನೋಡಿಕೊಳ್ಳುವ ಅಧಿಕಾರಿಣಿ ಈ ಭಾನುವಾರ ಖುದ್ದಾಗಿ ಬಂದು ಕಲ್ಲುಬೆಂಚಿನ ಪಕ್ಕ ನಿಂತಿದ್ದರು. "ನೋಡಿ, ಒಂದೇ ಒಂದು ಕೊಕ್ಕೆ ಇಲ್ಲಿ ಉಳಿದ್ರೂ ನಿಮ್ಮ ಕ್ಲಾಸು ಇವತ್ತಿಗೇ ಕೊನೆ," ಎಂದು ಮೊದಲೇ ಹೇಳಿದ್ದರು.

ಪಾಠ ಮುಗಿಯಿತು. ಕನ್ನಡಕದ ಹುಡುಗಿ ಎಣಿಸಿದಳು. ಹನ್ನೊಂದು.

ಮತ್ತೆ ಎಣಿಸಿದಳು. ಹನ್ನೊಂದೇ.

"ಮೇಷ್ಟ್ರೇ, ನಿಮ್ದು?"

"ನೀವು ಯಾರೂ ಎತ್ತಿಡಲಿಲ್ವಾ?" ಎಂದರು ಮೇಷ್ಟ್ರು, ಡಬ್ಬಿಯೊಳಗೆ ಇಣುಕಿ.

ಶಿಷ್ಯರೆಲ್ಲ ಮಂಡಿಯೂರಿ ಹುಲ್ಲು ಕೆದಕಿದರು. ಎರಡು ಬಾಟಲಿ ಮುಚ್ಚಳ, ಒಂದು ಕಿವಿಯೋಲೆ, ಯಾರದೋ ಹಲ್ಲುಜ್ಜುವ ಬ್ರಷ್ಷು ಸಿಕ್ಕವು. ಕೊಕ್ಕೆ ಸಿಗಲಿಲ್ಲ. ಅಧಿಕಾರಿಣಿ ಪೆನ್ನಿನ ಮುಚ್ಚಳ ತೆಗೆದರು. ಆರು ವರ್ಷದ ಭಾನುವಾರಗಳು ಒಂದು ಸಹಿಯಲ್ಲಿ ಮುಗಿಯುವುದನ್ನು ನಿಂತು ನೋಡಲಾಗದೆ ಮೇಷ್ಟ್ರು ಬೆಂಚಿನ ಮೇಲೆ ಕುಸಿದು ಕುಳಿತರು.

ಕುಳಿತಷ್ಟೇ ವೇಗದಲ್ಲಿ ಎದ್ದರು.

"ಅಮ್ಮಾ," ಎಂದರು, ಅರುವತ್ತೆರಡರ ವಯಸ್ಸಿನಲ್ಲಿ. ಸ್ವೆಟರಿನಡಿ ಕೈ ತೂರಿಸಿ, ಮುಖ ಕಿವುಚಿ ಮೆಲ್ಲಗೆ ಎಳೆದರು. ಕೊಕ್ಕೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು.

"ಹನ್ನೆರಡು," ಎಂದಳು ಹುಡುಗಿ. ಹುಲ್ಲಿನ ಮೇಲಿದ್ದವರೆಲ್ಲ ಅಲ್ಲೇ ಅಂಗಾತ ಮಲಗಿ ಉಸಿರು ಬಿಟ್ಟರು.

ಅಧಿಕಾರಿಣಿ ನಗು ತಡೆದುಕೊಂಡು ಅನುಮತಿ ಪತ್ರಕ್ಕೆ ಸಹಿ ಹಾಕಿದರು. ಚಪ್ಪಟೆ ಮಾಡಿದ ಕೊಕ್ಕೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಂತೆ ಅವರ ಮುಖ ಮೃದುವಾಯಿತು.

"ಮೀನಿಗೂ ನೋವಾಗಬಾರದು ಅನ್ನೋ ಈ ಕರುಣೆ ನಿಮಗೆ ಎಲ್ಲಿಂದ ಬಂತು ಮೇಷ್ಟ್ರೇ?"

ಮೇಷ್ಟ್ರು ಸ್ವೆಟರನ್ನು ಇನ್ನೊಂದು ಸುತ್ತು ಬಿಗಿದರು.

"ಮೀನಿನ ಮಾತು ಆಮೇಲಿಂದು ಮೇಡಂ. ಇದು ನಂಗೆ ಮೂರನೇ ಸಲ. ಮೊದಲೆರಡು ಸಲ ಮುಳ್ಳಿತ್ತು."